ಪೇಂಟ್ ಡಬ್ಬಿಯ ಪುಂಡಿ

ಬಸುರಿ ಅಕ್ಕನಿಗೆ ಪುಂಡಿಪಲ್ಯದ ಬಯಕೆ. ನಮ್ಮ ಉತ್ತರದ ಕಡೆಯಿಂದ ದುಡಿಯಲು ಬಂದ ಈ ಊರಿನ ಸಂತೆಯಲ್ಲಿ ಆ ಹುಳಿಸೊಪ್ಪು ಸಿಗಲಿಲ್ಲ. ಪೇಂಟ್ ಡಬ್ಬಿಗೆ ಮಣ್ಣು ತುಂಬಿ, ಬಾಡಿಗೆ ಕೋಣೆಯೊಳಗೆ ಟ್ಯೂಬ್‌ಲೈಟ್ ಕೆಳಗೆ ನಾನೇ ಬೆಳೆಸಿದೆ. ಎಲೆ ಥೇಟ್ ಗಾಂಜಾದ ಹಂಗೇ ಬೆರಳು ಚಾಚಿತು.

ಮನೆ ಓನರ್ ಪುಟ್ಟಮಾದಪ್ಪನವರು ನೋಡಿ ಹೌಹಾರಿದರು. "ಗಾಂಜಾ! ಕಿತ್ತು ಬೆಂಕಿಗೆ ಹಾಕು, ಇಲ್ಲಾ ಮನೆ ಖಾಲಿ ಮಾಡು!"

ಪುಂಡಿ ಅಂದರೂ ನಂಬಲಿಲ್ಲ.

"ಆತ್ರಿ ಸರ. ನೀವೇ ಕೀಳ್ರಿ, ಒಂದೆಲಿನೂ ಉಳೀಬಾರದು."

ಅವರು ಕೂತು ಎಲೆ ಎಲೆಯಾಗಿ ಬಿಡಿಸಿದರು. ನಾನು ಒಲೆ ಹಚ್ಚಿದೆ. ಅಕ್ಕ ಬೆಳ್ಳುಳ್ಳಿ ಒಗ್ಗರಣೆ ಹಾಕಿದಳು.

"ಸುಡು ಅಂದ್ರೆ ಅಡುಗೆ ಮಾಡ್ತೀರಲ್ರೋ!"

ಅಕ್ಕ ರೊಟ್ಟಿಯ ಮೊದಲ ತುತ್ತು ತಿಂದು ಕಣ್ಣು ಮುಚ್ಚಿದಳು.

"ನೋಡು, ಅಮಲು!"

"ಬಯಕಿ ರೀ ಸರ. ಬಸುರಿ ಹೆಂಗಸು."

ಅವರು ಅಕ್ಕನ ಹೊಟ್ಟೆಯತ್ತ ಒಮ್ಮೆ ನೋಡಿ ಹೊರಟುಹೋದರು. ಬೆಳಿಗ್ಗೆ ಮಣ್ಣು ತುಂಬಿದ ಇನ್ನೊಂದು ಡಬ್ಬಿ ತಂದಿಟ್ಟು ಗದರಿದರು: "ಬಸುರಿಗೆ ಒಂದು ಡಬ್ಬಿ ಎಲ್ಲಿ ಸಾಕಾಗುತ್ತೋ, ದಡ್ಡ!"