ಮೊರದಲ್ಲಿಟ್ಟ ಬಟ್ಟೆ

"ಮತ್ತೆ ಪಾಠದ ನಡುವೆಯೇ ಎದ್ದು ನಿಂತೆಯಲ್ಲ, ತಾಯಿ. ನಾನು ಒಂದು ಮಾತು ಮುಗಿಸುವಷ್ಟು ಹೊತ್ತೂ ನಿನಗೆ ತಡೆಯಲಾಗದೆ?" ಎಂದರು ಗುರುಮಾತೆ.

ಶಿಷ್ಯೆ ಕುಳಿತುಕೊಳ್ಳಲಿಲ್ಲ. "ತಪ್ಪಾಯಿತು, ಅಮ್ಮನವರೇ. ಆದರೆ ಇವತ್ತು ನನ್ನ ಮಗನ ಪ್ರಸ್ತ. ನಾಳೆ ಬೆಳಿಗ್ಗೆ ನಾನು ಸೊಸೆಯ ಹಾಸಿಗೆಯ ಬಟ್ಟೆ ನೋಡಬೇಕು. ನಮ್ಮ ಮನೆಯ ಪದ್ಧತಿ ಅದು. ರಕ್ತದ ಕಲೆ ಕಾಣದಿದ್ದರೆ ಹುಡುಗಿಯನ್ನು ಇಟ್ಟುಕೊಳ್ಳಬೇಕೇ, ತವರಿಗೆ ಅಟ್ಟಬೇಕೇ?"

ಗುರುಮಾತೆ ಪುಸ್ತಕ ಮುಚ್ಚಿದರು. "ಕುಳಿತುಕೋ," ಎಂದು ಹೇಳಿ ಈ ಕತೆ ಶುರುಮಾಡಿದರು.

ಒಬ್ಬ ನೇಕಾರನಿದ್ದ. ಅವನ ಮನೆಯಲ್ಲಿಯೂ ಇದೇ ಪದ್ಧತಿ. ಮದುಮಗಳ ಹಾಸಿಗೆಯ ಬಟ್ಟೆಯನ್ನು ಮೊರದಲ್ಲಿಟ್ಟು ನೆರೆಹೊರೆಯ ಹೆಂಗಸರಿಗೆ ತೋರಿಸಬೇಕು. ಕಲೆ ಇದ್ದರೆ ಸಕ್ಕರೆ ಹಂಚುತ್ತಿದ್ದರು. ಇಲ್ಲದಿದ್ದರೆ ತವರಿಗೆ ಗಾಡಿ ಕಟ್ಟುತ್ತಿದ್ದರು.

ನೇಕಾರನ ಕಿರಿಯ ಮಗನಿಗೆ ಮದುವೆಯಾಯಿತು. ಹುಡುಗಿ ತಾಯಿಯಿಲ್ಲದವಳು, ತಂದೆ ಒಬ್ಬನೇ ಸಾಕಿದ್ದ. ಮೊದಲ ರಾತ್ರಿ ಕಳೆದು ಬೆಳಗಾಯಿತು. ಮೊರದಲ್ಲಿದ್ದ ಬಟ್ಟೆ ಮಗ್ಗದಿಂದ ಇಳಿಸಿದ ದಿನದಷ್ಟೇ ಬಿಳಿಯಾಗಿತ್ತು.

ನೆರೆಯವರು ಇನ್ನೂ ಬಂದಿರಲಿಲ್ಲ. ಅದನ್ನು ನೋಡಿದವರು ನೇಕಾರನ ಮುದಿ ತಾಯಿ, ಅವನ ಹೆಂಡತಿ ಮತ್ತು ಹಿರಿಯ ಸೊಸೆ.

"ಗಾಡಿ ಕಟ್ಟಲು ಹೇಳಿ," ಎಂದಳು ಮುದುಕಿ. ಆಮೇಲೆ, "ಈಗ ಬೇಡ. ಬೆಳಕು ಸಾಲದು. ಬಿಸಿಲೇರಲಿ, ಇನ್ನೊಮ್ಮೆ ನೋಡೋಣ," ಎಂದಳು.

ಬಿಸಿಲೇರಿದರೆ ಬಿಳಿ ಬಟ್ಟೆ ಕೆಂಪಾಗುತ್ತದೆಯೇ ಎಂದು ಯಾರೂ ಕೇಳಲಿಲ್ಲ.

ನೇಕಾರನ ಹೆಂಡತಿ ಸದ್ದಿಲ್ಲದೆ ಅಡುಗೆಮನೆಗೆ ಹೋದಳು. ಅಲ್ಲಿ ಹಿರಿಯ ಸೊಸೆ ಅರಿಶಿನದ ಡಬ್ಬಿ ತೆರೆದು ನಿಂತಿದ್ದಳು. ಬಾಗಿಲ ಮರೆಯಲ್ಲಿ ಮುದುಕಿ ತನ್ನ ಎಲೆಯಡಿಕೆಯ ಚೀಲದಿಂದ ಸುಣ್ಣ ತೆಗೆಯುತ್ತಿದ್ದಳು. ಅರಿಶಿನಕ್ಕೆ ಸುಣ್ಣ ಬೆರೆತರೆ ರಕ್ತದ ಬಣ್ಣ. ಆರತಿಯ ನೀರು ಕಲಸಿದ ಯಾವ ಹೆಂಗಸಿಗೆ ಅದು ಗೊತ್ತಿಲ್ಲ?

"ನೀವೂನಾ, ಅತ್ತೆ?" ಎಂದಳು ಹೆಂಡತಿ. "ಅವತ್ತು ನನ್ನ ಬಟ್ಟೆ ನೋಡಿ ಸಕ್ಕರೆ ಹಂಚಿದವರು ನೀವಲ್ಲವೇ?"

"ನನ್ನ ಅತ್ತೆಯೂ ಹಂಚಿದ್ದಳು. ಮೆಲ್ಲಗೆ ಮಾತಾಡೇ," ಎಂದಳು ಮುದುಕಿ.

ಮೂವರಲ್ಲಿ ಯಾರೂ ಗಂಡನ ಹೊರತು ಬೇರೆ ಗಂಡಸನ್ನು ಅರಿತವರಲ್ಲ. ಮೂವರಿಗೂ ತಮ್ಮ ಮೊದಲ ರಾತ್ರಿ ರಕ್ತ ಬಂದಿರಲಿಲ್ಲ. ಅದು ಕೆಲವರಿಗೆ ಬರುತ್ತದೆ, ಎಷ್ಟೋ ಜನಕ್ಕೆ ಬರುವುದಿಲ್ಲ, ಅದು ಮೈಯ ರೀತಿಯೇ ಹೊರತು ನಡತೆಯ ಗುರುತಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಎಲ್ಲರ ಮೈಯೂ ಸರಿ, ತನ್ನದೊಂದೇ ಕೆಟ್ಟದ್ದು ಎಂದುಕೊಂಡೇ ಒಬ್ಬೊಬ್ಬಳೂ ಬಾಳು ಸವೆಸಿದ್ದಳು. ಅವರನ್ನು ಕಾಪಾಡಿದ್ದು ಅವರವರ ತಾಯಂದಿರು ಸೆರಗಿನ ತುದಿಗೆ ಗಂಟು ಕಟ್ಟಿ ಕಳಿಸಿದ ಚಿಟಿಕೆ ಅರಿಶಿನ, ಚೂರು ಸುಣ್ಣ. ಕಟ್ಟಿಕೊಡುವವರು ಇಲ್ಲದ್ದು ಈ ಹುಡುಗಿಗೆ ಮಾತ್ರ.

ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಂದೇ ಬಟ್ಟಲಲ್ಲಿ ಕಲಸಿ ಬಟ್ಟೆಗೆ ಹಚ್ಚಿದರು. ಬಿಸಿಲೇರಿತು. ನೆರೆಯವರು ಬಂದರು, ನೋಡಿದರು, ಸಕ್ಕರೆ ತಿಂದು ಹೋದರು.

ಹುಡುಗಿ ಮೊರದ ಮುಂದೆಯೇ ನಿಂತಿದ್ದಳು. "ಅತ್ತೆ, ಇದು ಬೆಳಿಗ್ಗೆ ಬಿಳಿಯಾಗಿತ್ತಲ್ಲ?" ಎಂದಳು.

"ಬಾಯಿ ಮುಚ್ಚು. ನಿನ್ನ ಮಾನ ಉಳಿಸಿದ್ದೇವೆ."

"ನಾನು ಯಾವ ತಪ್ಪೂ ಮಾಡಿಲ್ಲವಲ್ಲ, ಅತ್ತೆ. ನನ್ನ ಮಾನ ಎಲ್ಲಿಗೆ ಹೋಗಿತ್ತು?"

ಅತ್ತೆ ಮೊರ ಎತ್ತಿಕೊಂಡು ಒಳಗೆ ನಡೆದಳು. ಹಿರಿಯ ಸೊಸೆ ಕೈ ತೊಳೆಯುತ್ತಲೇ ಇದ್ದಳು.

ಗುರುಮಾತೆ ಕತೆ ನಿಲ್ಲಿಸಿದರು. ಶಿಷ್ಯೆ ಮೂಗು ಮುರಿದಳು.

"ಥೂ, ಎಂಥ ಹೆಂಗಸರು, ಅಮ್ಮನವರೇ! ತಮ್ಮದನ್ನು ಮುಚ್ಚಿಟ್ಟುಕೊಂಡು ಇನ್ನೊಬ್ಬರ ಮಗಳ ಬಟ್ಟೆ ಹರವಿ ನೋಡಲು ಕೂತರಲ್ಲ. ಅವರಿಗೆ ನಾಚಿಕೆಯಾಗುವುದಿಲ್ಲವೇ?"

"ಹೋದ ವರ್ಷ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಅವಳ ಸೆರಗಿಗೆ ನೀನು ಏನು ಕಟ್ಟಿದೆ, ತಾಯಿ?" ಎಂದು ಕೇಳಿದರು ಗುರುಮಾತೆ.

ಶಿಷ್ಯೆ ತನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.