ಮರಿನುಂಗಿ ದಿಬ್ಬ

ನಮ್ಮೂರು ಬಂಡೆಹಾಳದ ಪೂರ್ವಕ್ಕೆ, ಹಾಸುಗಲ್ಲಿನ ಹಳೆಯ ಗಣಿಯ ಅಂಚಿನಲ್ಲಿ ಒಂದು ದಿಬ್ಬವಿದೆ. ಅದಕ್ಕೆ ಮರಿನುಂಗಿ ಎಂದು ಹೆಸರು. ನೆತ್ತಿಯಲ್ಲಿ ಬಾಗಿಲಗಲದ ಬಂಡೆ, ಅದರ ಪಕ್ಕದಲ್ಲಿ ಮುಷ್ಟಿಗಾತ್ರದ ಕಲ್ಲುಗಳ ರಾಶಿ. ಹೆಸರಿಟ್ಟವನು ನನ್ನ ಮುತ್ತಜ್ಜನ ಅಜ್ಜ ಮಲಕನಗೌಡ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಮನೆಯ ತಪ್ಪನ್ನು ಮನೆಯವರೇ ಹೇಳಬೇಕು.

ಹಿಂದೆ ಒಮ್ಮೆ ದಿಬ್ಬದ ನೆತ್ತಿಯಲ್ಲಿ ಕಲ್ಲುಕುಟಿಗರು ಉಳಿ ಬಡಿದು ಪದರ ಎಬ್ಬಿಸಿದಾಗ, ಕೆಳಗಿನ ಬಂಡೆಯಲ್ಲಿ ಕಲ್ಲಾಗಿ ಹೋದ ಒಂದು ಪ್ರಾಣಿಯ ಎಲುಬುಗಳು ಕಂಡವು ಎನ್ನುತ್ತಾರೆ. ಮೊಸಳೆಯಂಥ ಮೂತಿ, ಮೀನಿನಂಥ ಬಾಲ, ಕಾಲಿರಬೇಕಾದಲ್ಲಿ ದೋಣಿಯ ಹುಟ್ಟಿನಂಥ ರೆಕ್ಕೆಗಳು. ಹೊಟ್ಟೆಯೊಳಗೆ ಅದೇ ರೂಪದ ಮರಿ. ಹೆತ್ತ ಬೆಕ್ಕು ಮರಿ ತಿನ್ನುವುದನ್ನು ಕಂಡಿದ್ದ ಗೌಡ, ಇದೂ ತನ್ನ ಮರಿಯನ್ನೇ ನುಂಗಿದ ಪಾಪಿ ಎಂದು ಸಾರಿ ಮೊದಲ ಕಲ್ಲು ಎಸೆದ. ಹೋಗುವವರು ಬರುವವರೆಲ್ಲ ಎಸೆದರು. ಕುಟಿಗರ ಕಾಶವ್ವ ಎರಡು ಕೂಸುಗಳನ್ನು ಹೆರಿಗೆಯಲ್ಲೇ ಕಳೆದುಕೊಂಡು ಮೂರನೆಯದಕ್ಕೆ ತುಂಬಿದ ಬಸುರಿಯಾಗಿದ್ದಳು. ಮಕ್ಕಳನ್ನು ತಿಂದವಳು ಎಂದು ಊರು ಮೊದಲೇ ಆಡಿಕೊಳ್ಳುತ್ತಿತ್ತು. ಈಗ ಬಂಡೆಯೇ ಸಾಕ್ಷಿಯಾಯಿತು. ಅವಳನ್ನು ಗಡಿ ದಾಟಿಸಬೇಕೆಂದು ಚಾವಡಿಯಲ್ಲಿ ತೀರ್ಮಾನವಾದಾಗ ಸೂಲಗಿತ್ತಿ ಬಾಳವ್ವನೊಬ್ಬಳೇ ಅಡ್ಡ ಬಂದಳು.

"ಗೌಡ್ರ, ಅದು ನುಂಗಿಲ್ರೀ, ಹಡೀಲಿಕತ್ತೈತಿ. ಬಾಲ ಹೊರಗ ಬಂದೈತಿ, ತಲಿ ಒಳಗ ಸಿಕ್ಕೈತಿ, ಕಣ್ಣಿಟ್ಟು ನೋಡ್ರಿ. ಕಾಶವ್ವನ ಕೂಸುಗಳೂ ಹಿಂಗ ಸಿಕ್ಕು ಸತ್ತುವು. ಆಕಿ ಯಾರನ್ನೂ ತಿಂದಿಲ್ಲ."

"ಏ ಬಾಳವ್ವ, ಇನ್ನ ಕಲ್ಲಿಗೂ ಸೂಲಗಿತ್ತಿತನ ಮಾಡ್ತೀಯೇನು?" ಎಂದ ಗೌಡ. ಚಾವಡಿಯೆಲ್ಲ ನಕ್ಕಿತು.

ಕಾಶವ್ವ ಗಡಿಯಾಚೆಯ ಗುಡಿಸಲು ಸೇರಿದಳು, ಬಾಳವ್ವ ಅವಳ ಬೆನ್ನಿಗೆ ಹೋದಳು. ಕಾಶವ್ವನಿಗೆ ನೋವು ಕಾಣಿಸಿಕೊಂಡ ದಿನವೇ ಗೌಡನ ಸೊಸೆಗೂ ಕಾಣಿಸಿತು. ಸೊಸೆಯ ಕೂಸು ಕಾಲು ಮುಂದಾಗಿ ಸಿಕ್ಕಿಕೊಂಡಿತ್ತು. ಗೌಡನ ಆಳುಗಳು ಹೋಗಿ, ಅತ್ತು ಬೇಡಿದ ಬಾಳವ್ವನನ್ನು ಕಾಶವ್ವನ ಮಗ್ಗುಲಿನಿಂದ ಎಳೆದು ತಂದರು. ಗೌಡನ ಮನೆಯಲ್ಲಿ ತಾಯಿ ಮಗು ಇಬ್ಬರೂ ಉಳಿದರು. ಬಾಳವ್ವ ಓಡೋಡಿ ಹಿಂತಿರುಗಿದಾಗ ಗುಡಿಸಲಿನಲ್ಲಿ ಇಬ್ಬರೂ ಉಳಿದಿರಲಿಲ್ಲ. ಸುದ್ದಿ ತಿಳಿದ ಗೌಡ ದಿಬ್ಬ ಹತ್ತಿ, ಕಲ್ಲುಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿ, ಬಂಡೆಯನ್ನು ಮೊದಲ ಸಲ ಕಣ್ಣಿಟ್ಟು ನೋಡಿದನಂತೆ. ಹೆಸರು ಬದಲಿಸೋಣ ಎಂದವರಿಗೆ, "ಬ್ಯಾಡ. ಕೇಳಿದವ್ರಿಗೆಲ್ಲ ನಮ್ಮ ಮನಿಯವರು ಉತ್ತರ ಕೊಡ್ಲಿ," ಎಂದನಂತೆ.

ಈಗ ಓದಿದವರು ಬಂದು ನೋಡುತ್ತಾರೆ. ಕೋಟಿಗಟ್ಟಲೆ ವರ್ಷಗಳ ಹಿಂದೆ ಇಲ್ಲಿ ಕಡಲಿತ್ತು, ಇದು ಆ ಕಡಲಿನ ಪ್ರಾಣಿ, ಹೆರುವಾಗಲೇ ಸತ್ತಿದೆ ಎನ್ನುತ್ತಾರೆ. ಮರಿಯ ಬಾಲ ಇಂದಿಗೂ ಹೊರಗಿದೆ, ತಲೆ ಒಳಗಿದೆ. ಮತ್ತೆ ಮರಿನುಂಗಿ ಎಂದೇಕೆ ಕರೆಯುತ್ತೀರಿ ಎಂದು ಬಂದವರು ಕೇಳುತ್ತಾರೆ. ಅಂದು ಬಾಳವ್ವ ಗೌಡನ ಮನೆಯಲ್ಲಿ ಉಳಿಸಿಕೊಟ್ಟ ಕೂಸಿನ ಮರಿಮಗ ನಾನು. ತಲೆ ತಗ್ಗಿಸಿಕೊಂಡೇ ಉತ್ತರ ಹೇಳುತ್ತೇನೆ.