ಮೂರಾಳಿನ ಒರಳು

ಭಾನುವಾರ ಬೆಳಿಗ್ಗೆ ಅಟ್ಟದಿಂದ ಇಳಿದ ಶಾವಿಗೆ ಒರಳನ್ನು ಕಂಡು ಮಿಕ್ಸಿಗೆ ನಗು ತಡೆಯಲಾಗಲಿಲ್ಲ. “ಅಲ್ಲಯ್ಯಾ, ನಿನ್ನ ಕಾಲು ಹಿಡಿಯಲು ಒಬ್ಬರು, ತಿರುಗಿಸಲು ಒಬ್ಬರು, ಕೆಳಗೆ ತಟ್ಟೆಯೊಡ್ಡಲು ಇನ್ನೊಬ್ಬರು! ನನಗೆ ಒಂದು ಬೆರಳು ಸಾಕು.”

“ಹೌದು ಮಾರಾಯ,” ಎಂದಿತು ಒರಳು. “ಮೂವರು ಸೇರದೆ ನಾನು ಅಲುಗುವುದಿಲ್ಲ. ಅದಕ್ಕೇ ನನಗಿಷ್ಟು ಜಂಬ.”

ಅಷ್ಟರಲ್ಲಿ ಮನೆಯ ಅಜ್ಜಿಯ ಮಗಳು, ಸೊಸೆ, ಅಳಿಯ ಎಲ್ಲರೂ ಒರಳನ್ನು ಸುತ್ತುವರಿದರು. ತಿರುಗಿಸಲು ಹೋದ ಅಳಿಯ ಬೆವತುಹೋದ, ಕಾಲು ಹಿಡಿದ ಸೊಸೆ ಅವನನ್ನು ರೇಗಿಸಿದಳು, ಮನೆಯೆಲ್ಲ ನಗೆ. ಇತ್ತ ಕಾಯಿಹಾಲಿಗೆಂದು ತೆಂಗಿನತುರಿ ರುಬ್ಬುತ್ತಿದ್ದ ಮಿಕ್ಸಿ, ತಾನೇನು ಕಡಿಮೆಯೆಂದು ಗಂಟಲು ಹರಿಯುವಂತೆ ಅರಚಿತು.

ಅಜ್ಜಿ ಭಾಗೀರಥಮ್ಮ ಕಿವಿ ಮುಚ್ಚಿಕೊಂಡು ಗದರಿದರು: “ಯಾರೇ ಅಲ್ಲಿ, ಅದರ ಬಾಯಿ ಮುಚ್ಚಿಸೇ! ಇಲ್ಲಿ ಒಬ್ಬರ ಮಾತೂ ಕೇಳಿಸ್ತಿಲ್ಲ.”

ಅದಕ್ಕೂ ಒಂದು ಬೆರಳೇ ಸಾಕಾಯಿತು.